ಫ್ರಾನ್ಸಿನಿಂದ ಬಾರದ ಉತ್ತರ

ನಮ್ಮ ನೀಲಾನ ಅಪ್ಪಾರಿಗೆ,

ಹೆಸರು ಹಿಡಿದು ನಿಮ್ಮನ್ನು ಎಂದೂ ಕರೆದವಳಲ್ಲ. ನೀವು ಕಣ್ಣು ಮುಚ್ಚಿ ಮೂರು ವರ್ಷವಾದರೂ ನಿಮ್ಮ ಹೆಸರು ಬರೆಯಲು ಈ ಕೈ ಒಲ್ಲೆನ್ನುತ್ತದೆ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೆಯಲು ಕುಳಿತೆ.

ತರಬೇತಿ ಮುಗಿಸಿ ಫ್ರಾನ್ಸಿನಿಂದ ಬಂದ ದಿನ ನೆನಪಿದೆಯೇ? ಯಲಬುರ್ಗಾದಲ್ಲಿ ಬಸ್ಸಿಳಿದವರೇ, ಮಗಳನ್ನು ಎತ್ತಿಕೊಳ್ಳುವ ಮೊದಲೇ ಅಲ್ಲಿ ವೆಲ್ಡಿಂಗ್ ಕಲಿಸಿದ ಪಿಯೇರನ ಮಾತು ತೆಗೆದಿರಿ. ಮದ್ರಾಸಿನ ಕಡೆ ಕಡಲ ದಂಡೆಯಲ್ಲಿ ಎರಡೂ ದೇಶ ಕೂಡಿ ಹೊಸ ನಮೂನೆಯ ಅಣುಸ್ಥಾವರ ಕಟ್ಟುವುದಿತ್ತು; ಅಲ್ಲಿ ಬೆಸುಗೆಯ ಕೆಲಸ ನಿಮ್ಮದು. ಅದರ ಪೈಪಿನಲ್ಲಿ ಹರಿಯುವುದು ನೀರಲ್ಲ, ಕರಗಿದ ಸೋಡಿಯಂ; ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ ಎಂದಿರಿ. "ಕೂದಲೆಳಿಯಷ್ಟು ಸಂದಿ ಬಿಟ್ರೂ ಮುಗೀತು. ಪಿಯೇರ್ ಕೈ ಹಿಡದು ಕಲಿಸ್ಯಾನ."

ರಾಜಸ್ಥಾನದ ಮರಳಿನಡಿ ನಮ್ಮವರು ಅಣುಸ್ಫೋಟ ಮಾಡಿದರೆಂದು ರೇಡಿಯೊದಲ್ಲಿ ಕೇಳಿದ ದಿನ ಓಣಿಗೆಲ್ಲ ಸಕ್ಕರೆ ಹಂಚಿದ್ದೆ. ಅದರ ಪೆಟ್ಟು ನಿಮಗೆ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು? ಸ್ಫೋಟಕ್ಕೆ ಮುನಿದು ಹೊರದೇಶದವರು ಸ್ಥಾವರದ ಸಾಮಾನು ತಡೆದರು. ಇಂಧನವೂ ಇಲ್ಲವೆಂದರು. ಬಾಗಿದ ಪೈಪಿನ ಒಂದು ಜೋಡಣೆ ಬಿರಿಯುವುದೇಕೆ ಎಂದು ನೀವು ಪಿಯೇರನಿಗೆ ಬರೆದಿರಿ. ಎಷ್ಟೋ ತಿಂಗಳ ಮೇಲೆ ಕಾರ್ಡು ಬಂತು: ಮಕ್ಕಳು ಆರಾಮಿದ್ದಾರೆ, ಕೆಲಸದ ವಿಷಯ ಬರೆಯಲು ಅಪ್ಪಣೆಯಿಲ್ಲ. ಒಬ್ಬ ವೆಲ್ಡರ್ ಇನ್ನೊಬ್ಬನಿಗೆ ನಾಲ್ಕು ಮಾತು ಹೇಳಿದ್ದರೆ ಯಾವ ರಾಜ್ಯ ಮುಳುಗುತ್ತಿತ್ತು?

ರಜೆಗೆ ಬಂದಾಗಲೂ ಪಡಸಾಲೆಯಲ್ಲಿ ಪೈಪಿನ ತುಂಡು ಹಿಡಿದು ಕುಳಿತ ನಿಮ್ಮನ್ನು ಬೈದಿದ್ದೆ. "ಬಿಟ್ಟು ಬರ್ರಿ. ಹೊಸಪೇಟಿ ಕಾರ್ಖಾನಿಯೊಳಗ ಕೆಲಸ ಸಿಗತೈತಿ."

ನೀವು ತಲೆ ಎತ್ತಲಿಲ್ಲ. "ಅವ ಹೇಳ್ಲಿಲ್ಲಂದ್ರ ನಾವ ಕಂಡು ಹಿಡೀತೀವಿ. ನೂರು ಸಲ ಕೆಡಲಿ."

ಎಷ್ಟು ವರ್ಷ ಕೆಟ್ಟಿತೋ! ಕಡೆಗೊಮ್ಮೆ ಕೂಡಿತು ಎಂದು ಬರೆದಿರಿ. ಆಮೇಲೆ ಆ ಕಾಮಾಲೆ... ಆಗಲಾದರೂ ಕೆಲಸ ಬಿಟ್ಟು ದವಾಖಾನೆಗೆ ಹೋಗಿದ್ದರೆ...

ನಿನ್ನೆ ಮುಂಜಾನೆ, ನಿಮ್ಮ ಜೊತೆಗಾರ ಸೆಲ್ವಂ ಕೊಪ್ಪಳದಲ್ಲಿ ರೈಲಿಳಿದು ಮನೆಗೆ ಬಂದರು. ಸ್ಥಾವರ ಶುರುವಾಗಿದೆಯಂತೆ. ಹೊರಗಿನವರು ಕೊಡದ ಇಂಧನದ ಬದಲು ನಮ್ಮವರೇ ಬೇರೆಯದನ್ನು ಮಾಡಿದ್ದಾರೆ. ಅವರು ತಂದ ಪತ್ರಿಕೆಯಲ್ಲಿ ದೊಡ್ಡವರ ಫೋಟೊ ಇದೆ. ನಿಮ್ಮ ಹೆಸರಿಲ್ಲ, ಪಿಯೇರನದೂ ಇಲ್ಲ, ಯಾವ ವೆಲ್ಡರನದೂ ಇಲ್ಲ. ಸಿಟ್ಟು ಬರದೆ ಏನಾದೀತು? ಹೋಗುವಾಗ ಸೆಲ್ವಂ ತಮಗೆ ಬಂದಷ್ಟು ಕನ್ನಡದಲ್ಲಿ ಹೇಳಿದರು: "ಅಕ್ಕಾ, ಅವರು ಕೂಡಿಸಿದ ಒಂದು ಜಾಗಾನೂ ಸೋರಲಿಲ್ಲ."

ಈ ಸುದ್ದಿಯನ್ನು ನಮ್ಮೂರ ಶಾಲೆಯ ಹೆಡ್ ಮಾಸ್ತರರಿಂದ ಇಂಗ್ಲಿಷಿನಲ್ಲಿ ಬರೆಸಿ ಪಿಯೇರನಿಗೂ ಹಾಕಿದ್ದೇನೆ. ಆ ಜೋಡಣೆ ಕೂಡಿದ್ದು ಹೇಗೆಂದು ಅವನು ಕೇಳಿದರೆ, ನಿಮ್ಮ ನೋಟುಬುಕ್ಕು ತೆರೆದು ಎಲ್ಲ ಬರೆಸಿ ಕಳಿಸುತ್ತೇನೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.