ಷರಾ ಕಾಲಮ್ಮಿನ ಕರಡಿ

ಜೂನ್ 3, ಸೋಮವಾರ

ಇವತ್ತೂ ಹತ್ತಕ್ಕೆ ಸರಿಯಾಗಿ ಹೊರಗಿನಿಂದ ಬೀಗ ಬಿತ್ತು. ತಿಂಗಳಾದರೂ ಆ ಸದ್ದಿಗೆ ಒಗ್ಗಿಲ್ಲ. ಯಾವ ಕಾಲದಲ್ಲೋ ಯಾರೋ ಹಳೆಯ ಸಂಪುಟದಿಂದ ಒಂದು ಪುಟ ಕತ್ತರಿಸಿಕೊಂಡು ಹೋದರಂತೆ. ಅಂದಿನಿಂದ ಪತ್ರಿಕೆಯ ಈ ನೆಲಮಾಳಿಗೆಯಲ್ಲಿ ಕೆಲಸ ಮಾಡುವವರನ್ನು ಒಳಗೆ ಬಿಟ್ಟು ಬೀಗ ಹಾಕುವುದು ಪದ್ಧತಿ. ಹೊರಗೆ ಹೋಗಬೇಕಾದರೆ ಫೋನ್ ಮಾಡಬೇಕು. ಬೀಗದಣ್ಣ ಮೂರು ಮಹಡಿ ಇಳಿದು ಬಂದು, ಬಾಗಿಲು ತೆಗೆದು, ಬ್ಯಾಗ್ ಜಾಲಾಡುತ್ತಾನೆ. ಬಾತ್‌ರೂಮಿಗೂ ಅಷ್ಟೇ. ನಾಚಿಕೆಗೆ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದೇನೆ.

ಐವತ್ತು ವರ್ಷ ಹಿಂದಿನ ಶೀರ್ಷಿಕೆಗಳನ್ನು ಕಂಪ್ಯೂಟರಿಗೆ ಏರಿಸುವುದು ಕೆಲಸ. ದಿನಾಂಕ, ಪುಟ, ಶೀರ್ಷಿಕೆ, ಷರಾ. ಷರಾ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ — ಕೆಂಪು ಗೆರೆ ಎಳೆದುಕೊಂಡು ಮುಷ್ಕರ ಹೂಡುತ್ತದೆ. ಅಲ್ಲಿ ಏನು ತುಂಬಬೇಕೋ ಮೇಲಿನವರಿಗೂ ಗೊತ್ತಿಲ್ಲ. "ಸರಿ" ಎಂದು ಬರೆಯುತ್ತಿದ್ದೇನೆ. ಈವರೆಗೆ ನಾಲ್ಕು ಸಾವಿರ ಸಲ ಸರಿ.

ಅಮ್ಮ ಬೆಳಿಗ್ಗೆ: "ಎಂ.ಎ. ಓದಿ ಹಳೇ ಪೇಪರ್ ಎತ್ತಿಡ್ತೀಯಾ. ಬೀದೀಲಿ ಹಳೇ ಪೇಪರಿನವನೂ ಅದನ್ನೇ ಮಾಡ್ತಾನೆ. ಅವನ ಹತ್ರ ತಕ್ಕಡಿಯಾದ್ರೂ ಇದೆ."

ತಪ್ಪು ನನ್ನದೇ. ಸಂದರ್ಶನದಲ್ಲಿ ಸಂಪಾದಕರು "ಬರೀತೀಯೇನಮ್ಮಾ?" ಎಂದು ಕೇಳಿದಾಗ ಬಾಯಿಂದ ಮಾತೇ ಹೊರಡಲಿಲ್ಲ. ಹೂಂ ಅಂದಿದ್ದರೆ ಮೂರನೇ ಮಹಡಿಯಲ್ಲಿರುತ್ತಿದ್ದೆ. ಕಿಟಕಿ ಇರುವ ಕಡೆ.

ಜೂನ್ 4

ಸರಿ ಬರೆದೂ ಬರೆದೂ ತಲೆ ಕೆಟ್ಟು, ಇವತ್ತು ಷರಾದಲ್ಲಿ ಬೇರೇನೋ ಬರೆದೆ. ಕಂಪ್ಯೂಟರ್ ಕಮಕ್ ಕಿಮಕ್ ಎನ್ನದೆ ನುಂಗಿತು.

'ಸಾರ್ವಜನಿಕರು ಶಾಂತಿ ಕಾಪಾಡುವಂತೆ ಮನವಿ.' — ಸಾರ್ವಜನಿಕರು ಎಷ್ಟು ಶಾಂತರಾದರೆಂದರೆ ಅಧಿಕಾರಿಗಳು ಗಾಬರಿಬಿದ್ದು, ದಯವಿಟ್ಟು ಸ್ವಲ್ಪ ಗಲಾಟೆ ಮಾಡಿ ಎಂದು ಮರುದಿನ ಮನವಿ ಮಾಡಿದರು.

'ಗೋಪುರದ ಗಡಿಯಾರ ಏಳು ನಿಮಿಷ ಹಿಂದೆ: ತನಿಖೆಗೆ ಆದೇಶ.' — ತನಿಖಾಧಿಕಾರಿ ಅದೇ ಗಡಿಯಾರ ನೋಡಿಕೊಂಡು ಹೊರಟಿದ್ದರಿಂದ ಬಸ್ ತಪ್ಪಿತು. ತನಿಖೆ ಬಾಕಿ.

'ಸರ್ಕಸ್ಸಿನ ಕರಡಿ ನಾಪತ್ತೆ.' — ಮೂರನೇ ದಿನ ಅಂಚೆ ಕಚೇರಿಯ ಕ್ಯೂನಲ್ಲಿ ಪತ್ತೆ. ಕ್ಯೂ ಮುಂದೆ ಸರಿಯದ್ದರಿಂದ ಬೇಸತ್ತು ತಾನಾಗಿಯೇ ಸರ್ಕಸ್ಸಿಗೆ ಮರಳಿತು.

ಒಬ್ಬಳೇ ನಕ್ಕೆ. ಆ ಮೂಲೆಯಲ್ಲಿ ಹರಿದ ಪುಟ ಅಂಟಿಸುತ್ತಿದ್ದ ಅಂಟು ಸಾರ್ ತಲೆ ಎತ್ತಿ, "ಧೂಳಾ?" ಎಂದರು. ಹೌದು ಸಾರ್, ಧೂಳು.

ಜೂನ್ 12

ಅಂಟು ಸಾರ್ ಬಗ್ಗೆ ಬರೆದೇ ಇಲ್ಲ. ಈ ಕೋಣೆಯ ಇನ್ನೊಬ್ಬ ಕೈದಿ. ಮೂವತ್ತು ವರ್ಷದಿಂದ ಹರಿದ ಪುಟಗಳಿಗೆ ಅಂಟು ಹಚ್ಚುತ್ತಿದ್ದಾರೆ. ಬೆರಳ ತುದಿಗಳಲ್ಲಿ ರೇಖೆಗಳೇ ಉಳಿದಿಲ್ಲ. ಭಾನುವಾರದ 'ಐವತ್ತು ವರ್ಷದ ಹಿಂದೆ' ಕಾಲಮ್ ಅವರದ್ದು — ಆರು ಸಾಲು, ಹೆಸರಿಲ್ಲ. ಜುಲೈ ಕೊನೆಗೆ ನಿವೃತ್ತಿ.

"ಮೂವತ್ತು ವರ್ಷ. ಒಂದೇ ಒಂದು ತಿದ್ದುಪಡಿ ಹಾಕ್ಸಿಲ್ಲಮ್ಮಾ ನಾನು." ಇವತ್ತು ಇದನ್ನು ಎರಡು ಸಲ ಹೇಳಿದರು.

ಜೂನ್ 23, ಭಾನುವಾರ

ಅಮ್ಮ ಕಾಫಿ ಕುಡಿಯುತ್ತ ಪೇಪರ್ ಓದುತ್ತಿದ್ದಳು. "ಕೇಳಿಲ್ಲಿ, ಆ ಕಾಲದಲ್ಲಿ ಕರಡಿಗೂ ಅಂಚೆ ಕಚೇರಿ ಕೆಲಸ ಇತ್ತಂತೆ!"

ಕಿತ್ತುಕೊಂಡು ನೋಡಿದೆ. 'ಐವತ್ತು ವರ್ಷದ ಹಿಂದೆ' ಕಾಲಮ್ಮಿನಲ್ಲಿ ನನ್ನ ಕರಡಿ. ಅಕ್ಷರಕ್ಕೆ ಅಕ್ಷರ.

ಜೂನ್ 24

ಕಂಪ್ಯೂಟರಿನಲ್ಲಿ ನನ್ನ ಷರಾ ಓದಿ ಸಾರ್ ನಿಜವೆಂದೇ ನಂಬಿದ್ದಾರೆ. ಹಳೆಯ ಕಾರ್ಡು ಪೆಟ್ಟಿಗೆ ತೆರೆದು ತೋರಿಸಿದರು. ಕಂಪ್ಯೂಟರ್ ಬರುವ ಮುಂಚೆ ಪ್ರತಿ ಸುದ್ದಿಗೂ ಒಂದು ಕಾರ್ಡು. ಮುಂದೆ ಶೀರ್ಷಿಕೆ. ಹಿಂದುಗಡೆ, 'ಷರಾ' ಎಂದು ಬರೆದು, ಆ ಸುದ್ದಿ ಕೊನೆಗೆ ಏನಾಯಿತು ಅನ್ನುವುದು — ತಿಂಗಳುಗಟ್ಟಲೆ ಹುಡುಕಿ ತುಂಬಿದ್ದು.

"ಈಗಿನ ಹುಡುಗರಿಗೆ ಇದೆಲ್ಲ ಎಲ್ಲಿ ಗೊತ್ತಾಗತ್ತೆ ಅಂದ್ಕೊಂಡಿದ್ದೆ. ನೀನು ನೋಡಿದ್ರೆ ಕರಡಿ ಬೆನ್ನು ಹತ್ತಿ ಹೋಗಿದೀಯಲ್ಲಮ್ಮಾ! ಭೇಷ್."

ಆಗಲೇ ಹೇಳಬೇಕಿತ್ತು. ಧೂಳು ಎಂಬಂತೆ ಕೆಮ್ಮಿದೆ.

ಜುಲೈ 1

ಹತ್ತೊಂಬತ್ತು ಕಾಗದ! ಒಂದು ನಿವೃತ್ತ ಅಂಚೆ ಗುಮಾಸ್ತರದ್ದು: "ಆಗ ಕೌಂಟರಿನಲ್ಲಿ ನಾನೇ ಇದ್ದೆ. ಕರಡಿ ಬಹಳ ಸಭ್ಯವಾಗಿತ್ತು. ಯಾರನ್ನೂ ತಳ್ಳಲಿಲ್ಲ." ಇನ್ನೊಬ್ಬರದ್ದು: "ಅದು ಕ್ಯೂ ಅಲ್ಲ, ಮನಿಯಾರ್ಡರ್ ಕಿಟಕಿ. ಸರಿಪಡಿಸಿಕೊಳ್ಳಿ."

ಸಾರ್ ಒಂದೊಂದನ್ನೂ ಮೂರು ಮೂರು ಸಲ ಓದಿದರು. ಮೂವತ್ತು ವರ್ಷದಲ್ಲಿ ಅವರಿಗೆ ಬಂದ ಮೊದಲ ಕಾಗದಗಳು.

ಜುಲೈ 8

ಸಂಪಾದಕರ ಫೋನು. ಕರಡಿ ಪತ್ತೆಯಾದ ಸುದ್ದಿಯ ಮೂಲ ಪುಟಕ್ಕೆ ಕಟ್ಟು ಹಾಕಿಸಿ, ಸಾರ್ ಬೀಳ್ಕೊಡುಗೆಯ ದಿನ ಸಭಾಂಗಣದಲ್ಲಿ ತೂಗುಹಾಕುತ್ತಾರಂತೆ. ಶುಕ್ರವಾರದೊಳಗೆ ಬೇಕು.

"ಯಾವ ಸಂಪುಟದಲ್ಲಿತ್ತಮ್ಮಾ?" ಎಂದರು ಅಂಟು ಸಾರ್.

"ನೆನಪಿಲ್ಲ ಸಾರ್."

ಸುಳ್ಳಿಗೆ ಮಾತ್ರ ಬಾಯಿ ಎಷ್ಟು ಸಲೀಸಾಗಿ ತೆರೆಯಿತು.

"ಇರಲಿ, ನಾನೇ ಹುಡುಕ್ತೀನಿ" ಎಂದು ಏಣಿ ಹತ್ತಿದರು.

ಜುಲೈ 10

ಹುಡುಕುತ್ತಲೇ ಇದ್ದಾರೆ. ಒಂದೊಂದೇ ಪುಟ, ಭೂತಗನ್ನಡಿ ಹಿಡಿದು. ಊಟಕ್ಕೂ ಏಳಲಿಲ್ಲ. ಪುಟ ಮಗುಚುವ ಸದ್ದು, ನನ್ನ ಕೀಬೋರ್ಡಿನ ಸದ್ದು. ಷರಾ: ಸರಿ. ಸರಿ. ಸರಿ.

ಹೊರಡುವಾಗ ಬೀಗದಣ್ಣ ಈ ದಿನಚರಿಯನ್ನೂ ಕೊಡವಿ ನೋಡಿದ. "ಏನೂ ಕದ್ದಿಲ್ಲ ತಾನೆ ಮೇಡಂ?"

ಕದ್ದಿಲ್ಲ. ಸೇರಿಸಿದ್ದೇನೆ. ಅದನ್ನು ಹಿಡಿಯಲು ಯಾವ ಬೀಗವೂ ಇಲ್ಲ.

ಜುಲೈ 12, ಶುಕ್ರವಾರ, 11.20

ಹೇಳಿಬಿಟ್ಟೆ. ಏಣಿಯ ಬುಡದಲ್ಲಿ ನಿಂತು, ಅವರ ಚಪ್ಪಲಿ ನೋಡುತ್ತ. ಇಳಿದು ಬಂದು ಕೂತರು. ಅಂಟಿನ ಬಾಟಲಿಯ ಮುಚ್ಚಳ ತಿರುಗಿಸಿದರು, ಬಿಗಿ ಮಾಡಿದರು, ಮತ್ತೆ ತಿರುಗಿಸಿದರು.

"ಹಾಗಾದ್ರೆ ಕರಡಿ ಏನಾಯ್ತು?"

"ಗೊತ್ತಿಲ್ಲ ಸಾರ್. ಆಮೇಲೆ ಅದರ ಸುದ್ದಿಯೇ ಇಲ್ಲ."

"ಇಲ್ಲ. ನಾನೂ ನೋಡ್ದೆ. ಎರಡು ವರ್ಷದ್ದು ನೋಡ್ದೆ."

ಭೂತಗನ್ನಡಿ ಮೇಜಿನ ಮೇಲಿಟ್ಟರು. ಆಮೇಲೆ, "ಮೂವತ್ತು ವರ್ಷ ನಿಜ ಕೊಟ್ಟೆ, ಒಂದು ಪೋಸ್ಟ್‌ಕಾರ್ಡ್ ಬರಲಿಲ್ಲ. ನಿನ್ನ ಕರಡಿಗೆ ಹತ್ತೊಂಬತ್ತು."

ಬೈದಿದ್ದರೆ ವಾಸಿಯಿತ್ತು.

11.45

"ಮೇಲೆ ಹೋಗಿ ನಾನು ಹೇಳ್ತೀನಿ. ಕಣ್ಣು ಕಾಣಲ್ಲ, ತಪ್ಪಾಯ್ತು ಅಂದ್ರೆ ಮುಗೀತು. ಹೋಗೋವಾಗ ಒಂದು ತಿದ್ದುಪಡಿ. ನಿನ್ನ ಹೆಸರು ಎತ್ತಲ್ಲ."

ಅವರ ಕೈ ಅಂಗಿಯ ಮೇಲಿನ ಗುಂಡಿ ಹುಡುಕುತ್ತಿತ್ತು. ಆ ನುಣುಪು ಬೆರಳಿಗೆ ಗುಂಡಿ ಸಿಕ್ಕದೆ ಜಾರುತ್ತಿತ್ತು.

"ಬೇಡ ಸಾರ್" ಎಂದೆ. "ಮಾತಾಡೋಳು ನಾನು. ನೀವು ಪಕ್ಕದಲ್ಲಿ ನಿಂತಿರಿ, ಸಾಕು."

ನನ್ನದೇ ದನಿಯಾ ಅದು? ಕೋಣೆಯಲ್ಲಿ ಬೇರೆ ಹೆಂಗಸರಿಲ್ಲ.

ಫೋನ್ ಎತ್ತಿದೆ. ಬೀಗದಣ್ಣ: "ಏನ್ ಮೇಡಂ, ಬಾತ್‌ರೂಮಾ?"

"ಅಲ್ಲ. ಸಂಪಾದಕರ ರೂಮು."

ಬರುತ್ತಿದ್ದಾನೆ. ಎರಡನೇ ಮಹಡಿ... ಮೊದಲನೇದು... ಕೀಲಿಕೈ ಗೊಂಚಲಿನ ಸದ್ದು. ಸಾರ್ ಹತ್ತೊಂಬತ್ತೂ ಕಾಗದ ಜೇಬಿಗೆ ಹಾಕಿಕೊಂಡಿದ್ದಾರೆ. ಮೊದಲ ವಾಕ್ಯವನ್ನಾದರೂ ಇಲ್ಲಿ ಬರೆದುಕೊಂಡರೆ, ಅಲ್ಲಿ ಮರೆಯುವುದಿಲ್ಲ —

ಸಾರ್, ಆ ಕರಡಿಯನ್ನು ಕ್ಯೂನಲ್ಲಿ ನಿಲ್ಲಿಸಿದ್ದು