ಜುಹುರಾಳ ಉಳಿತಾಯದ ಪೆಟ್ಟಿಗೆ

ಟಾಂಗಾ, ಗುರುವಾರ

ಸೇವಾ ಕ್ಲಬ್ಬಿನ ಅಧ್ಯಕ್ಷರಾದ ಕಿಮ್ವೇರಿಯವರಿಗೆ,

ಶನಿವಾರದ ಸಭೆಯಲ್ಲಿ ಉಳಿತಾಯದ ಬಗ್ಗೆ ಮಾತಾಡಲು ನನ್ನ ಮಗಳು ಜುಹುರಾ ಬರುವುದಿಲ್ಲ. ಅವಳ ಕುರ್ಚಿಯನ್ನು ಬೇರೆಯವರಿಗೆ ಕೊಡಿ.

ನೀವು ಮಕ್ಕಳಿಗೆ ಹಂಚಿದ ಮರದ ಉಳಿತಾಯ ಪೆಟ್ಟಿಗೆ ಕಿಬುಬುವಿಗೆ ಮುಚ್ಚಳವಿಲ್ಲ, ದುಡ್ಡು ಬೇಕೆಂದರೆ ಒಡೆಯಲೇಬೇಕು. ಅವಳಿಗೆ ಜ್ವರ ಏರಿದಾಗ ಆಸ್ಪತ್ರೆ ಖರ್ಚಿಗೆಂದು ನಾನು ಸುತ್ತಿಗೆ ತಂದೆ. ಅವಳು ಪೆಟ್ಟಿಗೆಯನ್ನು ತಬ್ಬಿಕೊಂಡಳು.

“ಬೇಡಮ್ಮ. ಏನೇ ಆದ್ರೂ ಡಿಸೆಂಬರ್ ತನಕ ಒಡೀಬಾರ್ದು ಅಂತ ಅಧ್ಯಕ್ಷರು ಹೇಳಿದಾರೆ. ಸಭೇಲಿ ಎಲ್ರ ಮುಂದೆ ಮಾತು ಕೊಟ್ಟಿದೀನಿ. ಜ್ವರ ನಾಳೆ ಬಿಡುತ್ತೆ.”

ಬೆಳಗಾಗುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಆಮೇಲೆ ಒಡೆದೆವು. ಹೂಳುವಾಗ ಸುತ್ತುವ ಕಫನ್ ಬಟ್ಟೆಗೆ ಸಾಕಾಯಿತು.

ಮಕ್ಕಳಿಗೆ ಕೂಡಿಡುವುದನ್ನು ಹೇಳಿಕೊಡುವಾಗ ಯಾವಾಗ ಒಡೆಯಬೇಕು ಎಂಬುದನ್ನೂ ಹೇಳಿಕೊಡಿ. ಪತ್ರದ ಜೊತೆ ಸುತ್ತಿಗೆ ಕಳಿಸಿದ್ದೇನೆ. ಸಭೆಯ ದಿನ ಅದನ್ನು ನಿಮ್ಮ ಮೇಜಿನ ಮೇಲಿಡಿ.

ಜುಹುರಾಳ ತಾಯಿ ಎಂದು ಕೇರಿಯವರು ಈಗಲೂ ಕರೆಯುವ ಹೆಸರಿನಲ್ಲಿ,
ಮಾಮಾ ಜುಹುರಾ