ಸಾಕ್ಷಿಹುಳ ಸಿಗದ ಹೊಲ

ಬೆವರುಶಕೆ ೨೧೨, ಮಾರ್ಗಶಿರದ ನಲವತ್ತೊಂದನೆಯ ದಿನ
ಮಾಂಜ್ರಾ ನದಿಯ ದಂಡೆ

ನನಗಿಂತ ಮೊದಲು ನನ್ನ ಹೊಲವನ್ನು ಉತ್ತವರಿಗೆ,

ತಾರೀಖು ನೋಡಿ ನಗಬೇಡಿ. ಮೈ ಬೆವರುವುದು ನಿಂತ ದಿನ ನಮ್ಮ ಮಾರ್ಗಶಿರ ಶುರುವಾಗುತ್ತದೆ, ಮತ್ತೆ ಬೆವರಿದ ದಿನ ಮುಗಿಯುತ್ತದೆ. ಸಾಮಾನ್ಯವಾಗಿ ಅದು ಒಂಬತ್ತೋ ಹತ್ತೋ ದಿನದ ತಿಂಗಳು. ಈ ವರ್ಷ ನಲವತ್ತೊಂದಾದರೂ ಊರಲ್ಲಿ ಯಾರೂ ಬೆವರಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಹಳೆಯ ಬರಹ ನೋಡಿಕೊಂಡು ನಿಮ್ಮಂತೆ ಬರೆಯಲು ಹೆಣಗಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಈ ಕಾಗದದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ.

ನನ್ನ ಹೆಸರು ಇಂದ್ರಾಬಾಯಿ. ಎರಡೆಕರೆಯಲ್ಲಿ ಮೆಂತ್ಯೆ, ಮೂಲಂಗಿ, ಗಜ್ಜರಿ, ಹೂಕೋಸು, ಕಡಲೆಸೊಪ್ಪು ಬೆಳೆಯುತ್ತೇನೆ. ತಿಪ್ಪೆಗೊಬ್ಬರ ಬಿಟ್ಟರೆ ನನ್ನ ಮಣ್ಣಿಗೆ ಬೇರೇನೂ ಬಿದ್ದಿಲ್ಲ. ನಿಮ್ಮ ಕಾಲವನ್ನು ನಾವು ನಂಜುಗಾಲ ಎನ್ನುತ್ತೇವೆ. ಅದು ಮುಗಿದ ಮೇಲೆ, ಹೊಟ್ಟೆ ಹಿಡಿದುಕೊಂಡು ಸತ್ತವರನ್ನು ಹೂಳಿ ಹೂಳಿ ಸಾಕಾಗಿ, ನಮ್ಮ ಮುತ್ತಜ್ಜಿಯರು ಒಂದು ಕಟ್ಟಳೆ ಮಾಡಿದರು. ಯಾವುದನ್ನು ತಿಂದು ಹುಳ ಬದುಕುತ್ತದೋ ಅದನ್ನು ಮಾತ್ರ ಮನುಷ್ಯರು ತಿನ್ನಬೇಕು. ಅದಕ್ಕೇ ನಮ್ಮ ಸಂತೆಯಲ್ಲಿ ಪ್ರತಿ ಬುಟ್ಟಿಯ ಮೇಲೂ ಒಂದು ಜೀವಂತ ಹುಳ ಹರಿದಾಡುತ್ತಿರಬೇಕು. ಸಾಕ್ಷಿಹುಳ ಎಂದರೆ ಅದೇ. ಕೊಳ್ಳುವವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ಸೊಪ್ಪನ್ನು.

ಎಂಥ ಒಳ್ಳೆಯ ಕಟ್ಟಳೆ ಎಂದು ನೀವು ತಲೆದೂಗುವ ಮೊದಲು ನಮ್ಮ ಪಕ್ಕದ ಹೊಲದ ಧೂಳಪ್ಪನ ಕಥೆ ಕೇಳಿ. ಅವನು ಹಿತ್ತಲಲ್ಲಿ ಹುಳುಮನೆ ಕಟ್ಟಿದ್ದಾನೆ. ಮೊರಗಳಲ್ಲಿ ಎಲೆ ಹರಡಿ, ಬೆಲ್ಲದ ನೀರು ಚಿಮುಕಿಸಿ, ಹೆಬ್ಬೆರಳು ಗಾತ್ರದ ಹಸಿರು ಹುಳಗಳನ್ನು ಸಾಕುತ್ತಾನೆ. ಅತ್ತ ಹೂಕೋಸಿಗೆ ಯಾವುದೋ ನಂಜು ಹೊಡೆಯುತ್ತಾನೆ, ಇತ್ತ ಸಂತೆಗೆ ಹೊರಡುವಾಗ ಮೇಲೊಂದು ಹುಳ ಇಡುತ್ತಾನೆ. ಮಧ್ಯಾಹ್ನದೊಳಗೆ ಹುಳ ಸಾಯುತ್ತದೆ. ಸತ್ತದ್ದನ್ನು ಬೆರಳಿನಿಂದ ಚಿಮ್ಮಿ, ಡಬ್ಬಿಯಿಂದ ಇನ್ನೊಂದನ್ನು ತೆಗೆದಿಡುತ್ತಾನೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹುಳದ ದಪ್ಪ ನೋಡಿ ಬಾಯಿ ಚಪ್ಪರಿಸುತ್ತಾರೆ. ನನಗೆ ಅವನಿಗಿಂತ ಆ ಚಪ್ಪರಿಸುವವರನ್ನು ಕಂಡರೇ ಹೆಚ್ಚು ಹೇಸಿಗೆ.

ಈ ವರ್ಷ ಚಳಿ ಬಂತು. ಅಂಥ ಚಳಿಯನ್ನು ಕಂಡವರು ಈಗ ಯಾರೂ ಬದುಕಿಲ್ಲ. ಹೊತ್ತು ಮುಳುಗುವ ಮೊದಲು ಮಡಿಗಳ ಮೇಲೆ ಜೋಳದ ಒಣ ದಂಟಿನ ಕಣಕಿ ಹೊದಿಸಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಒಂದು ಮಡಿ ಮೆಂತ್ಯೆ ಕರಕಲಾದ ಮೇಲೆ ತಾನಾಗಿ ಹೊಳೆಯಿತು. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಕಣಕಿ ತೆಗೆಯುತ್ತೇನೆ, ಎಲೆಯ ಇಬ್ಬನಿ ಆರುವ ತನಕ ಕೊಯ್ಯುವುದಿಲ್ಲ. ಗಜ್ಜರಿ ಸಿಹಿಯಾಗಿದೆ! ಕಿತ್ತು, ಸೆರಗಿನಲ್ಲಿ ಒರೆಸಿ ಕಡಿದಾಗ ಒಬ್ಬಳೇ ನಕ್ಕುಬಿಟ್ಟೆ. ಆದರೆ ಹೊಲದಲ್ಲಿ ಒಂದೇ ಒಂದು ಹುಳವಿಲ್ಲ. ಎಲೆ ಮಗುಚಿ ಮಗುಚಿ ನೋಡಿದೆ, ಮಂಡಿಯೂರಿ ಬುಡ ಕೆದಕಿದೆ. ಇಲ್ಲ.

ಹುಳ ನೋಡಿ ಮುದ್ರೆ ಹಾಕುವ ಸಾಕ್ಷಿದಾರ ಮಾಣಿಕಪ್ಪ ಕಂಬಳಿ ಹೊದ್ದು ನಡುಗುತ್ತಾ ಬಂದ. “ಹುಳಾ ಇಲ್ದ ಮೆಂತ್ಯಾ ನಾ ಹ್ಯಾಂಗ್ ಒಪ್ಲಿ ಅಕ್ಕಾ? ನಂಜ ಹೊಡ್ದಾರ ಅಂತಾರ ಮಂದಿ” ಎಂದ. ಚಳಿಗೆ ಹುಳ ಬಂದಿಲ್ಲವೇನೋ ಎಂದೆ. ಯಾರು ನೋಡಿದ್ದಾರೆ ಎಂದ. ಇನ್ನು ನಾಲ್ಕು ದಿನಕ್ಕೆ ಎಳ್ಳಮಾವಾಸ್ಯೆ. ಅಂದು ಊರಿನ ಎಲ್ಲ ಹೊಲಗಳ ಕಾಯಿಪಲ್ಲೆ ಒಂದೇ ಹಂಡೆಗೆ ಬಿದ್ದು, ಬೆಂದು, ಭಜ್ಜಿ ಎಂಬ ಪಲ್ಯವಾಗುತ್ತದೆ. ಸಾಕ್ಷಿಯಿಲ್ಲದ ಹೊಲದ್ದನ್ನು ಹಂಡೆಗೆ ಹಾಕಿಸುವುದಿಲ್ಲ. ಒಮ್ಮೆ ಹೊರಗಿಟ್ಟರೆ ಮುಗಿಯಿತು, ಆ ಮನೆಗೆ ನಂಜಿನವರ ಮನೆ ಎಂದೇ ಹೆಸರು, ಅವರ ಕೈಯಿಂದ ಮತ್ತೆ ಯಾರೂ ಸೊಪ್ಪು ಕೊಳ್ಳುವುದಿಲ್ಲ.

ನಿನ್ನೆ ನನ್ನ ಸೊಸೆ ಸುಗಲಾ ಧೂಳಪ್ಪನಿಂದ ಒಂದು ಹುಳದ ಡಬ್ಬಿ ತಂದು ಮುಂದಿಟ್ಟಳು. “ಅತ್ತಿ, ನಿಮ್ ಮೆಂತ್ಯಾ ಖರೇನೇ ಚಲೋ ಅದ. ಖರೇ ಮೆಂತ್ಯಾಕ್ಕ ಒಂದ್ ಸುಳ್ಳ ಸಾಕ್ಷಿ, ಅಷ್ಟೇ ಅಲ್ಲಾ?” ಎಂದಳು. ಅವಳು ಕೆಟ್ಟವಳಲ್ಲ, ಹೆದರಿದ್ದಾಳೆ. ನಾನು ಬೈಯಲಿಲ್ಲ, ಡಬ್ಬಿಯನ್ನು ಎಸೆಯಲೂ ಇಲ್ಲ. ಎಸೆಯದ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಈಗ ನಿಮ್ಮ ವಿಷಯ. ಹೋದ ಬೇಸಿಗೆಯಲ್ಲಿ ಗೊಬ್ಬರದ ಗುಂಡಿಗೆಂದು ಹೊಲದ ಗಡಿಯ ಬಾಂದುಗಲ್ಲಿನ ಮೂಡಣ ಬದಿ ಅಗೆದಾಗ ಒಂದು ತಗಡಿನ ಹಲಗೆ ಸಿಕ್ಕಿತು. ಅದರ ಮೇಲೆ ‘ಸಾವಯವ ತರಕಾರಿ, ವಿಷಮುಕ್ತ’ ಎಂಬ ಅಕ್ಷರ, ಮುದ್ದಾದೊಂದು ಹಸಿರು ಎಲೆ. ಹಲಗೆಯ ಕೆಳಗೆ, ಚಿಂದಿಯಲ್ಲಿ ಸುತ್ತಿದ್ದ, ತಲೆಬುರುಡೆ ಗುರುತಿನ ಮೂರು ಬಾಟಲಿ. ನಾನು ಕ್ಯಾಕರಿಸಿ ಉಗಿದೆ. ನಿಮ್ಮ ಕಾಲದಲ್ಲಿ ಹುಳ ಕಂಡರೆ ಕೊಳ್ಳುವವರು ಕಿಟಾರನೆ ಕಿರುಚುತ್ತಿದ್ದರಂತೆ, ತೂತಿನ ಎಲೆ ಬಿಸಾಡುತ್ತಿದ್ದರಂತೆ. ಇರಬಹುದು. ಆದರೆ ನೀವು ನಂಜಿನಿಂದ ಹುಳ ಅಡಗಿಸಿದಿರಿ, ಧೂಳಪ್ಪ ನಂಜಿನ ಮೇಲೆ ಹುಳ ಅಂಟಿಸುತ್ತಾನೆ. ನಿಮ್ಮಿಬ್ಬರಲ್ಲಿ ಯಾರ ಮುಖಕ್ಕೆ ಮೊದಲು ಉಗಿಯಬೇಕೆಂದು ನನಗೆ ತಿಳಿಯದು.

ಆದರೂ ನಿಮ್ಮ ಮುಂದೆಯೇ ಕೈಚಾಚಬೇಕಾಗಿದೆ. ನಿಮಗೆ ಪ್ರತಿ ವರ್ಷ ಚಳಿಗಾಲವಿದೆ, ಚಳಿಗೆ ಹುಳ ಬರುತ್ತದೋ ಇಲ್ಲವೋ ಎಂದು ಕಣ್ಣಾರೆ ನೋಡಬಲ್ಲವರು ನೀವೇ. ಈ ಸಲ ಮೆಂತ್ಯೆಯ ಒಂದೇ ಒಂದು ಮಡಿಗೆ ಬಾಟಲಿ ಮುಟ್ಟಿಸಬೇಡಿ. ಕೊರೆವ ಚಳಿಯ ದಿನಗಳಲ್ಲಿ ಎಲೆ ಮಗುಚಿ ನೋಡಿ. ಕಂಡದ್ದನ್ನು, ಹುಳವಿದ್ದರೆ ಇತ್ತು ಎಂದೇ, ತಗಡಿನ ಮೇಲೆ ಕೊರೆದು, ಅದೇ ಬಾಂದುಗಲ್ಲಿನ ಪಡುವಣ ಬದಿಯಲ್ಲಿ ಹೂಳಿರಿ. ನಮ್ಮಲ್ಲಿ ಕಾಗದ ಹಿಂದಿನ ಕಾಲಕ್ಕೂ ಹೋಗುತ್ತದೆ, ಅದರ ಬಗೆ ಹೇಳಿದರೆ ನೀವು ನಂಬುವುದಿಲ್ಲ. ಉತ್ತರ ಬರಲು ಮಾತ್ರ ಮಣ್ಣೇ ಗತಿ. ನೀವು ಹೂಳಿದ್ದರೆ ಅದು ಈಗಾಗಲೇ ಅಲ್ಲಿದೆ. ಆ ಬದಿಯನ್ನು ನಾನಿನ್ನೂ ಅಗೆದಿಲ್ಲ. ಈ ಕಾಗದ ಕಳಿಸಿದ ಮೇಲೆ ಗುದ್ದಲಿ ಹಿಡಿಯುತ್ತೇನೆ.

ಸುಳ್ಳು ಬರೆಯುವುದಾದರೆ ಹೂಳುವ ಕಷ್ಟ ಬೇಡ, ಸುಳ್ಳು ಸುಗಲಾ ತಂದ ಡಬ್ಬಿಯಲ್ಲೇ ಇದೆ. ಅದನ್ನು ತೆರೆದರೆ ಈ ಹೊಲದ ಎರಡನೆಯ ಕಳ್ಳಿ ನಾನು. ಮೊದಲನೆಯವರು ಯಾರೆಂದು ನಿಮಗೆ ಗೊತ್ತು.

ಇಂದ್ರಾಬಾಯಿ